ಜೋಳದ ಮೇಲೆ ಹೊರಿಸಿದ ತಪ್ಪು

ನನ್ನ ತಂಗಿ ಗುಳಿಗೆ ನಿಲ್ಲಿಸುತ್ತೇನೆಂದು ಘೋಷಿಸಿದ್ದು ಬೆಳ್ಳುಳ್ಳಿಯ ದೆಸೆಯಿಂದ. ಚನ್ನಗಿರಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರ ಮಗಳ ಮದುವೆ ಗೊತ್ತಾಗಿತ್ತು. ಮದುವೆಗೆ ಮೊದಲು ಓಣಿಯ ಹೆಂಗಸರೆಲ್ಲ ಆ ಮನೆಯಲ್ಲಿ ಸೇರಿ ಖಡಕ್ ರೊಟ್ಟಿ ಬಡಿದು ಕೊಡುವುದು ನಮ್ಮಲ್ಲಿಯ ರೂಢಿ. ಯಾರೂ ಕರೆಯಲೆಂದು ಕಾಯುವುದಿಲ್ಲ. ತಮ್ಮ ಮಣೆಯನ್ನು ತಾವೇ ಕಂಕುಳಲ್ಲಿ ಇರುಕಿಕೊಂಡು ಹೋಗಿ ಕೂರುತ್ತಾರೆ. ತಂಗಿಯೂ ಹಾಗೆಯೇ ಹೋದಳು. ಆದರೆ ಅಲ್ಲಿ ಯಾರೋ ಅವಳ ಮುಂದೆ ಬೆಳ್ಳುಳ್ಳಿಯ ಮೊರವನ್ನು ಸರಿಸಿ, "ನೀನು ಇದನ್ನ ಸುಲಿ ಸಾಕು ಕಣವ್ವ, ನಿನ್ನ ಕೈಯಾಗೆ ರೊಟ್ಟಿ ಏಳಾದಿಲ್ಲ" ಎಂದರಂತೆ. ಅವಳು ಒಂದು ಎಸಳೂ ಉಳಿಯದಂತೆ ಸುಲಿದು, ಕೈ ತೊಳೆದು, ಮಣೆ ಎತ್ತಿಕೊಂಡು ಮನೆಗೆ ಬಂದಳು.

"ಅಣ್ಣ, ನಾಳೆಯಿಂದ ನಾನು ಗುಳಿಗೆ ತಗಳಾದಿಲ್ಲ," ಎಂದಳು. "ಗುಳಿಗೆ ತಲೆ ಕೊಡ್ತು, ಕೈ ಕಿತ್ಕಂತು."

ಅವಳಿಗಿರುವುದು ಸ್ಕಿಜೋಫ್ರೇನಿಯಾ. ಮೂವತ್ತು ದಾಟುವ ಮುನ್ನವೇ ಬಂದದ್ದು. ಈಗ ಅವಳಿಗೆ ಐವತ್ತು ಹತ್ತಿರವಾಗಿದೆ. ಯಾರೂ ಆಡದ ಮಾತು ಕಿವಿಗೆ ಬೀಳುವ, ಇಲ್ಲದ ಸಂಚು ಕಾಣುವ ಕಾಯಿಲೆ. ಗುಳಿಗೆಗಳು ಆ ಮಾತುಗಳನ್ನು ದೂರಕ್ಕೆ ಅಟ್ಟಿದ್ದವು. ಹಿಂದೊಮ್ಮೆ ಯಾರೋ ನೆಂಟರ ಬುದ್ಧಿವಾದ ಕೇಳಿ ಅವಳು ಗುಳಿಗೆ ನಿಲ್ಲಿಸಿದಾಗ, ಮೊದಲು ಮನೆಯ ಅನ್ನದಲ್ಲಿ ಏನೋ ಬೆರೆತಿದೆಯೆಂದು ಊಟ ಬಿಟ್ಟಳು. ಆಮೇಲೆ ನಲ್ಲಿಯ ನೀರು ತನ್ನ ವಿಷಯವನ್ನೇ ಆಡಿಕೊಳ್ಳುತ್ತದೆಯೆಂದು ನೀರನ್ನೂ ಬಿಟ್ಟಳು. ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ನನ್ನ ತೋಳಿಗೆ ಭಾರವೇ ತಿಳಿಯಲಿಲ್ಲ. ಆದ್ದರಿಂದ ಅವಳು ಈಗ ಗುಳಿಗೆಯ ಮಾತೆತ್ತಿದಾಗ ನನಗೆ ಕಾಣಿಸಿದ್ದು ರೊಟ್ಟಿಯಲ್ಲ, ಆ ಭಾರವಿಲ್ಲದ ಮೈ. ಇನ್ನೊಮ್ಮೆ ಹಾಗಾದರೆ ಅವಳು ತಿರುಗಿ ಬರುವಳೆಂಬ ಭರವಸೆ ನನಗಿರಲಿಲ್ಲ.

ನನ್ನ ಹೆಂಡತಿ ಗುಳಿಗೆಯ ವಿಷಯದಲ್ಲಿ ನಾದಿನಿಯ ಪಕ್ಷ. "ಗುಳಿಗೆ ಅಂದ್ರೆ ಉಷ್ಣ. ಉಷ್ಣ ಹೋಗಿ ನರ ಹಿಡ್ಕಂತೈತೆ. ಇದನ್ನ ಹೇಳಾಕೆ ಡಾಕ್ಟ್ರೇ ಬೇಕಾ?" ಓಣಿಯಲ್ಲಿ ಇನ್ನೂ ಬಗೆಬಗೆಯ ವ್ಯಾಖ್ಯಾನಗಳಿದ್ದವು. ಕೊಳವೆಬಾವಿಯ ನೀರು, ಹುಣಸೆಮರದ ಕೆಳಗಿನ ಭಯ, ಮೊಬೈಲು, ಮದುವೆಯಾಗದಿರುವುದು, ಇವೆಲ್ಲವೂ ತಂಗಿಯ ಎರಡು ಕೈಗಳೊಳಗೆ ಹೊಕ್ಕಿದ್ದವು.

ಇಲ್ಲಿ ನನ್ನ ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡಬೇಕು. ನಾನು ಶಾಲೆಯನ್ನು ಚಿಕ್ಕಂದಿನಲ್ಲೇ ಬಿಟ್ಟು, ಉಳಿದದ್ದನ್ನು ಬಸ್ಸಿನಲ್ಲಿ ಓದಿದವನು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ದಾರಿಗಳ ಖಾಸಗಿ ಬಸ್ಸುಗಳಲ್ಲಿ ಕಂಡಕ್ಟರನಾಗಿದ್ದಷ್ಟು ಕಾಲವೂ, ಟಿಕೆಟ್ ಹರಿದು ಮುಗಿದ ಮೇಲೆ ಮುಂದಿನ ಸ್ಟಾಪು ಬರುವವರೆಗಿನ ಹೊತ್ತು ನನ್ನದಾಗಿತ್ತು. ಆ ಹೊತ್ತಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಕೆಲಸ ಕಲಿಸಿದ್ದು ಒಂದೇ ಪಾಠ. "ತಗಂಡೀನ್ರೀ" ಎಂದು ಪ್ರಯಾಣಿಕ ಎಷ್ಟೇ ಗಂಭೀರವಾಗಿ ಹೇಳಿದರೂ, ಟಿಕೆಟನ್ನು ಕಣ್ಣಿನಿಂದ ನೋಡದೆ ಮುಂದಿನ ಸೀಟಿಗೆ ಹೋಗಬಾರದು. ಈ ಪಾಠ ಸಂಸಾರದಲ್ಲಿ ಅಷ್ಟು ಜನಪ್ರಿಯವಲ್ಲ.

ತಂಗಿಯನ್ನು ಕೇಳಿದೆ. "ಗುಳಿಗೆಯಿಂದಲೇ ಕೈ ಹೋತು ಅಂತ ನಿಂಗೆ ಹೆಂಗೆ ಗೊತ್ತು?"

"ಶ್ರಾವಣ ಸೋಮವಾರ ಒಪ್ಪತ್ತು ಮಾಡ್ತೀನಲ್ಲ, ಅವತ್ತು ಬೆಳಿಗ್ಗೆ ಗುಳಿಗೆ ತಗಂಡ್ರೆ ಉಪವಾಸ ಮುರೀತೈತೆ ಅಂತ ಬಿಡ್ತೀನಿ. ಅವತ್ತು ಕೈ ಹೂವಿನಂಗೆ ಹಗುರ ಇರ್ತೈತೆ."

ಅವಳು ಸೋಮವಾರದ ಗುಳಿಗೆ ಬಿಡುತ್ತಿದ್ದಳೆಂಬುದೇ ನನಗೆ ಹೊಸ ಸುದ್ದಿ. ಆದರೂ ನನ್ನೊಳಗಿನ ಕಂಡಕ್ಟರು ಬಿಡಲಿಲ್ಲ. "ಶ್ರಾವಣ ಸೋಮವಾರ ನಮ್ಮ ಮನೆಯಾಗೆ ರೊಟ್ಟಿ ಮಾಡ್ತಾರಾ?"

"ಇಲ್ಲ. ಅವಲಕ್ಕಿ, ಹಣ್ಣು."

"ರೊಟ್ಟಿಯನ್ನೇ ಬಡೀದ ದಿನ ರೊಟ್ಟಿ ಬಡಿಯೋ ಕೈ ಹಗುರ ಇತ್ತು ಅಂತ ಗೊತ್ತಾಗಿದ್ದು ಹೆಂಗವ್ವ?"

ಹೆಂಡತಿ ಒಳಗಿನಿಂದ ಕೂಗಿದಳು: "ಅವಳ ಕೈ ಅವಳಿಗೆ ಗೊತ್ತಿರ್ತೈತೆ ಕಣ್ರೀ. ಅದಕ್ಕೂ ನಿಮಗೆ ಸಾಕ್ಷಿ ಬೇಕಾ?"

ಬೇಕಾಗಿತ್ತು. ಏಕೆಂದರೆ ಪುಸ್ತಕಗಳು ಬೇರೆಯೇ ಮಾತು ಹೇಳುತ್ತಿದ್ದವು. ಪಟ್ಟಣದ ಗ್ರಂಥಾಲಯದಲ್ಲಿ ಸಿಕ್ಕ ಕನ್ನಡದ ವೈದ್ಯ ಪುಸ್ತಕಗಳನ್ನು ಓದಿ, ಸಾಲದೆ ಮೊಬೈಲಿನಲ್ಲಿ ಇಂಗ್ಲಿಷಿನ ಲೇಖನಗಳನ್ನು ನಿಘಂಟಿನ ಸಹಾಯದಿಂದ ಅಗಿದು ನುಂಗಿದೆ. ಸಾರಾಂಶವಿಷ್ಟು. ಕೈಯೊಂದು ಆಡಬೇಕಾದರೆ ಮಿದುಳಿನ ಒಂದು ಭಾಗ ಮಾತ್ರ ದುಡಿದರೆ ಸಾಲದು. ಹಣೆಯ ಹಿಂದಿನ ಭಾಗ ಯೋಜಿಸಬೇಕು, ನೆತ್ತಿಯ ಕಡೆಯ ಭಾಗ ಅಪ್ಪಣೆ ಕೊಡಬೇಕು, ಹಿಂದಲೆಯ ಕಿರುಮಿದುಳು ವೇಳೆಯನ್ನು ಹೊಂದಿಸಬೇಕು, ನಡುವೆ ಒಂದು ಜಂಕ್ಷನ್ನು ಎಲ್ಲರ ಸುದ್ದಿಯನ್ನೂ ಎಲ್ಲರಿಗೂ ಮುಟ್ಟಿಸಬೇಕು. ಈ ಕಾಯಿಲೆಯವರಲ್ಲಿ ಇವುಗಳ ನಡುವಿನ ಸಂಪರ್ಕ ಕೆಲವು ಕಡೆ ಸಡಿಲವಾಗಿಯೂ ಕೆಲವು ಕಡೆ ಅತಿಯಾಗಿಯೂ ಕಂಡುಬರುತ್ತದೆಯಂತೆ. ಇದರಿಂದ ಕೆಲವರ ಕೈಕಾಲು ನಿಧಾನವಾಗಬಹುದು, ಒಂದರ ಹಿಂದೊಂದು ಬರಬೇಕಾದ ಚಲನೆಗಳು ತಡವರಿಸಬಹುದು; ಇದು ಇನ್ನೂ ಒಂದು ಗುಳಿಗೆಯನ್ನೂ ನುಂಗದವರಲ್ಲಿಯೂ ಕಂಡದ್ದುಂಟಂತೆ.

ನನಗೆ ಇದು ಅರ್ಥವಾದದ್ದು ಬಸ್‌ಸ್ಟ್ಯಾಂಡಿನ ಮೂಲಕ. ಹೊನ್ನಾಳಿಯ ಬಸ್ಸು ಚೆನ್ನಾಗಿದೆ, ಜಗಳೂರಿನ ಬಸ್ಸೂ ಚೆನ್ನಾಗಿದೆ, ಡ್ರೈವರುಗಳು ನಿಪುಣರು. ಆದರೆ ಇದು ಬರುವಷ್ಟರಲ್ಲಿ ಅದು ಹೊರಟುಬಿಟ್ಟಿದ್ದರೆ ಪ್ರಯಾಣಿಕ ನಡುವೆ ನಿಂತೇ ಇರುತ್ತಾನೆ. ಕೆಟ್ಟದ್ದು ಬಸ್ಸಲ್ಲ, ಸಂಧಿ. ಈ ಹೋಲಿಕೆಯನ್ನು ನಾನು ಬಹಳ ಮೆಚ್ಚಿಕೊಂಡೆ. ಮೆಚ್ಚಿಕೊಂಡ ಕೂಡಲೇ ಅನುಮಾನವೂ ಬಂತು. ಲೇಖನಗಳಲ್ಲಿದ್ದ ಬಣ್ಣಬಣ್ಣದ ಮಿದುಳಿನ ಚಿತ್ರಗಳು ಹಲವರನ್ನು ಸೇರಿಸಿ ತೆಗೆದ ಸರಾಸರಿಗಳು. ಅವುಗಳಲ್ಲಿ ಒಂದೂ ನನ್ನ ತಂಗಿಯದಲ್ಲ. ಅದೂ ಅಲ್ಲದೆ, ಗುಳಿಗೆಯೂ ಕೈಯನ್ನು ಬಿಗಿಮಾಡಬಲ್ಲದೆಂದು ಅದೇ ಲೇಖನಗಳು ಒಪ್ಪಿಕೊಂಡಿದ್ದವು. ಹಾಗಾದರೆ ಅವಳ ಕೈ ಸೋತದ್ದು ಯಾವಾಗ, ಗುಳಿಗೆಗೆ ಮೊದಲೋ ಆಮೇಲೋ? ಇದನ್ನು ಹೇಳಬಲ್ಲವರು ಆಗ ಅವಳ ರೊಟ್ಟಿಯನ್ನು ತಿಂದವರು ಮಾತ್ರ.

ತಂಗಿಯೊಡನೆ ಒಂದು ಕರಾರು ಮಾಡಿಕೊಂಡೆ. ತಾಲ್ಲೂಕು ಆಸ್ಪತ್ರೆಗೆ ತಿಂಗಳಿಗೊಮ್ಮೆ ಮನೋವೈದ್ಯರು ಬರುತ್ತಾರೆ. ಅವರು ಬರುವ ದಿನದವರೆಗೆ ಅವಳು ಗುಳಿಗೆ ಬಿಡುವಂತಿಲ್ಲ. ಅಷ್ಟರೊಳಗೆ, ಗುಳಿಗೆಗೆ ಮೊದಲೇ ಕೈ ನಿಧಾನವಾಗಿತ್ತೆಂದು ಕಣ್ಣಾರೆ ಕಂಡವರ ಬಾಯಿಂದ ನಾನು ಅವಳಿಗೆ ಕೇಳಿಸಬೇಕು.

"ಕೇಳಿಸದೆ ಹೋದ್ರೆ?" ಎಂದಳು.

"ನಿನ್ನ ಇಷ್ಟ."

ಈ ಎರಡು ಪದಗಳು ಬಾಯಿಂದ ಹೊರಬಿದ್ದ ಮೇಲೆ ನನಗೆ ಊಟ ರುಚಿಸಲಿಲ್ಲ. ಹಟಮಾರಿಗಳ ಕಷ್ಟವೇ ಇದು. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸವಿರುವುದಿಲ್ಲ.

ಮೊದಲು ಹೊರಟದ್ದು ಗೋವಿನಕೋವಿಗೆ. ತಂಗಿಯ ಬಾಲ್ಯದ ಗೆಳತಿಯನ್ನು ಅಲ್ಲಿಗೆ ಕೊಟ್ಟಿದ್ದರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣ. ಹೊನ್ನಾಳಿಯವರೆಗೂ ತಂಗಿ ಕಿಟಕಿಯ ಪಕ್ಕ ರಾಣಿಯಂತೆ ಕೂತಿದ್ದಳು. ಹುಡುಗ ವಯಸ್ಸಿನ ಕಂಡಕ್ಟರನೊಬ್ಬ ಹಿರಿಯರ ರಿಯಾಯಿತಿಗೆಂದು ನಾನು ಕೊಟ್ಟ ಗುರುತಿನ ಚೀಟಿಯನ್ನು ಬೆಳಕಿಗೆ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿದ. "ಏನಪ್ಪ, ಕಳ್ಳನಂಗೆ ಕಾಣ್ತೀನಾ?" ಎಂದರೆ, "ಕಳ್ಳರು ಇಷ್ಟು ಪ್ರಶ್ನೆ ಕೇಳಾದಿಲ್ಲ ಅಜ್ಜ" ಎಂದ. ಅವನ ಕೆಲಸ ನನಗೆ ಹಿಡಿಸಿತು.

ಗೆಳತಿ ತಂಗಿಯ ಕೈಗಳನ್ನು ಹಿಡಿದು ಕಣ್ಣೀರು ತಂದುಕೊಂಡಳು. "ಅಯ್ಯೋ, ಈ ಕೈ ಹೆಂಗಿದ್ವು! ಮಿಷನ್ ಇದ್ದಂಗೆ ಇದ್ವು. ನಾವು ಒಂದು ಬಡಿಯೋ ಹೊತ್ತಿಗೆ ಇವಳು ಮೂರು ಬಡೀತಿದ್ಲು. ಆ ಗುಳಿಗೆ ಹಾಳಾಗ್ಲಿ."

ತಂಗಿ ನನ್ನ ಕಡೆ ನೋಡಿದ ನೋಟದಲ್ಲಿ ತೀರ್ಪು ಬರೆದಾಗಿತ್ತು. ನಾನು ಕೇಳಿದೆ: "ಅವ್ವ, ನಿನ್ನ ಲಗ್ನ ಆಗಿದ್ದು ಯಾವಾಗ?" ಲೆಕ್ಕ ಹಾಕಿದರೆ ಅವಳ ಮದುವೆ ಆದದ್ದು ತಂಗಿ ಇನ್ನೂ ಹುಡುಗಿಯಾಗಿದ್ದಾಗ, ಕಾಯಿಲೆ ಬಂದದ್ದು ಅದಾಗಿ ಬಹಳ ವರ್ಷಕ್ಕೆ. ಅವಳು ಕಂಡದ್ದು ನಿಜವೇ, ಆದರೆ ನಮಗೆ ಬೇಕಾದ ಕಾಲದ್ದಲ್ಲ. ಇದನ್ನು ವಿವರಿಸಿದಾಗ ಅವಳು ಬೇಸರಪಟ್ಟುಕೊಳ್ಳಲಿಲ್ಲ. "ನಿಮ್ಮಣ್ಣ ಇನ್ನೂ ಹಂಗೇ ಅದಾರೆ" ಎಂದು ತಂಗಿಗೆ ಹೇಳಿ ಚಹಾ ಕೊಟ್ಟಳು.

ಉಳಿದಿದ್ದವರು ಬಿಳಿಚೋಡಿನ ಸೋದರತ್ತೆ, ನಮ್ಮ ಅಪ್ಪನ ತಂಗಿ. ಕಾಯಿಲೆ ಬಯಲಾಗುವ ಮುಂಚಿನ ಒಂದಿಡೀ ವರ್ಷ ತಂಗಿ ಆಕೆಯ ಮನೆಯಲ್ಲಿದ್ದಳು. ಜಗಳೂರಿನ ಬಸ್ಸು ಹತ್ತಿದೆವು. ಹೊರಗೆ ಕುರಿಗಳು ರಸ್ತೆ ದಾಟುವವರೆಗೆ ಬಸ್ಸು ಕಾಯಿತು. ಅವುಗಳ ಕುರುಬ ಯಾವ ಅವಸರವನ್ನೂ ತೋರಿಸಲಿಲ್ಲ.

ಅತ್ತೆಗೆ ಎಂಬತ್ತರ ಮೇಲಾಗಿದೆ. ಕಿವಿ ಮಂದ, ನಾಲಿಗೆ ಚುರುಕು. ಕಟ್ಟೆಯ ಮೇಲೆ ಕೂತವರು ನಮ್ಮನ್ನು ಕಂಡು, "ಸತ್ತ ಸುದ್ದಿ ಬಂದ ಮೇಲೆ ಬರ್ತೀರಿ ಅನ್ಕಂಡಿದ್ದೆ, ಮುಂಚೇನೆ ಬಂದ್ರಲ್ಲ!" ಎಂದರು.

ನಾನು ನೇರವಾಗಿ ಕೈಯ ವಿಷಯ ಎತ್ತಲಿಲ್ಲ. ಸಾಕ್ಷಿಯ ಬಾಯಿಗೆ ಉತ್ತರವನ್ನು ತುರುಕಬಾರದು. "ಅತ್ತೆ, ಇವಳು ನಿಮ್ಮ ಮನೆಯಾಗಿದ್ದ ವರ್ಷ ಊಟ ಹೆಂಗಿತ್ತು?" ಎಂದು ಮಾತ್ರ ಕೇಳಿದೆ.

"ಆ ವರ್ಷದ ಊಟದ ಸುದ್ದಿ ತೆಗೀಬ್ಯಾಡ!" ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿದರು. "ಆ ವರ್ಷದ ಜೋಳಕ್ಕೆ ಜಿಗಿನೇ ಇರಲಿಲ್ಲ."

ಜೋಳದ ಹಿಟ್ಟಿಗೆ ಅಂಟು ಕಡಿಮೆಯಾದರೆ ಜಿಗಿಯಿಲ್ಲ ಎನ್ನುತ್ತಾರೆ. ಅಂಥ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚಿನಲ್ಲಿ ಹರಿದುಹೋಗುತ್ತದೆ. ಅತ್ತೆ ಹೇಳಿದ ಕಥೆ ಹೀಗೆ. ಹಬ್ಬದ ಹೊತ್ತಿನಿಂದ ತಂಗಿ ಬಡಿದ ರೊಟ್ಟಿಗಳು ಒಂದೊಂದಾಗಿ ಹರಿಯತೊಡಗಿದವು. ಮೊದಲು ಹಿಟ್ಟಿನ ಗಿರಣಿಯವನ ಮೇಲೆ ಅನುಮಾನ ಬಂತು. ಅತ್ತೆ ಗಿರಣಿಗೆ ಹೋಗಿ, ನಮ್ಮ ಜೋಳಕ್ಕೆ ಯಾರದೋ ಹಳೆಯ ಜೋಳ ಬೆರೆಸಿದ್ದೀಯೆಂದು ಜಗಳವಾಡಿದರು. ಆಮೇಲೆ ಬೇರೆ ಹೊಲದ ಜೋಳ ತರಿಸಿದರು. ಕುದಿಯುವ ನೀರು ಹೆಚ್ಚು ಹಾಕಿಸಿದರು. ಕೊನೆಗೆ ಹಂಚನ್ನೂ ಬದಲಾಯಿಸಿದರು.

"ಹಂಚು ಬದಲಾಯಿಸಿದ ಮ್ಯಾಲೆ ಸರಿಹೋತಾ?"

"ಎಲ್ಲಿ ಸರಿಹೋಗ್ತೈತೆ? ನಾನು ಅದೇ ಹಿಟ್ಟಿನಾಗೆ ಬಡಿದ್ರೆ ಚಂದ್ರನಂಗೆ ಬರ್ತಿತ್ತು. ಇವಳು ಬಡಿದ್ರೆ ಹರೀತಿತ್ತು."

"ಮತ್ತೆ ಜೋಳದ ತಪ್ಪು ಹೆಂಗಾತು ಅತ್ತೆ?"

ಅತ್ತೆ ಕೋಲನ್ನು ಪಕ್ಕಕ್ಕಿಟ್ಟರು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರೂ ಕೇಳಿಕೊಂಡಿರಲಿಲ್ಲ, ಬೇರೆ ಯಾರೂ ಕೇಳಿರಲಿಲ್ಲ. ಜೋಳದ ಸೀಮೆಯವರಿಗೆ ರೊಟ್ಟಿ ಕೆಟ್ಟರೆ ನೆನಪಾಗುವುದು ಜೋಳವೇ ಹೊರತು ಕೈಯಲ್ಲ.

"ಕೈ..." ಎಂದು ನಿಧಾನವಾಗಿ ಅಂದರು. "ಕೈ ನಡುನಡುವೆ ನಿಂತುಬಿಡ್ತಿತ್ತಪ್ಪ. ಒಂದು ಕೈ ಬಡೀತಾ, ಇನ್ನೊಂದು ಕೈ ರೊಟ್ಟಿ ತಿರುಗಿಸ್ತಾ ಹೋಗ್ಬೇಕಲ್ಲ? ಇವಳದು ಬಡಿಯೋದು ಒಂದು ಕಡೆ, ತಿರುಗಿಸೋದು ಒಂದು ಕಡೆ. ಒಂದಕ್ಕೊಂದು ಕಾಯ್ತಿದ್ದಂಗೆ. ನಾನು, ಹುಡುಗಿಗೆ ಮದುವೆ ಚಿಂತೆ ಹತ್ತೈತೆ ಅನ್ಕಂಡೆ."

"ಆಗ ಗುಳಿಗೆ ತಗಳ್ತಿದ್ಲಾ?"

"ಎಲ್ಲಿ ಗುಳಿಗೆ? ಆಗ ನೆಗಡಿಗೂ ಕಷಾಯವೇ."

ತಂಗಿ ಕಟ್ಟೆಯ ಅಂಚಿನಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ತನ್ನ ಅಂಗೈಗಳನ್ನು ಸೀರೆಯ ಮೇಲೆ ಮಗುಚಿ ಇಟ್ಟುಕೊಂಡು, "ಹೌದು ಅತ್ತೆ," ಎಂದಳು. "ನೀನು ಗಿರಣಿಯವನಿಗೆ ಬೈದಾಗ ನಂಗೆ ನೆಮ್ಮದಿ ಆಗಿತ್ತು."

ಅಲ್ಲಿಂದ ಹಿಂತಿರುಗುವಾಗ ನಾನು ಗೆದ್ದವನ ಗತ್ತಿನಲ್ಲಿದ್ದೆನೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವೈದ್ಯರು ಬಂದ ದಿನ ಆ ಗತ್ತನ್ನು ಆಸ್ಪತ್ರೆಗೂ ಕೊಂಡೊಯ್ದೆ. ವೈದ್ಯೆ ಚಿಕ್ಕ ವಯಸ್ಸಿನವರು. ಎದುರಿನ ಸಾಲು ಉದ್ದವಿದ್ದರೂ ನನ್ನ ಮಾತನ್ನು ತಡೆಯಲಿಲ್ಲ. ನಾನು ಸಂಪರ್ಕ, ಕಿರುಮಿದುಳು, ಜಂಕ್ಷನ್ನು, ಬಿಳಿಚೋಡಿನ ಜೋಳ, ಸೋಮವಾರದ ಒಪ್ಪತ್ತು ಎಲ್ಲವನ್ನೂ ಹೇಳಿ, "ಆದ್ದರಿಂದ ಗುಳಿಗೆ ನಿರಪರಾಧಿ" ಎಂದು ಮುಗಿಸಿದೆ.

"ಚೆನ್ನಾಗಿ ಓದ್ಕೊಂಡಿದೀರಿ ಯಜಮಾನ್ರೆ," ಎಂದರು. "ಅಕ್ಕಾ, ನೀವು ಇಲ್ಲಿ ಬನ್ನಿ."

ತಂಗಿಯನ್ನು ಎದುರಿಗೆ ಕೂರಿಸಿಕೊಂಡು, ಹೆಬ್ಬೆರಳಿಗೆ ತೋರುಬೆರಳನ್ನು ಬೇಗಬೇಗ ತಾಗಿಸಲು ಹೇಳಿದರು. ಆಮೇಲೆ ಕೈಯನ್ನು ತೊಡೆಯ ಮೇಲೆ ಅಂಗೈ ಒಮ್ಮೆ, ಮುಂಗೈ ಒಮ್ಮೆ ಮಗುಚುತ್ತಾ ಹೋಗಲು ಹೇಳಿದರು. ಅವಳದು ಅತ್ತೆ ಹೇಳಿದಂತೆಯೇ ನಡುವೆ ನಿಂತು ನಿಂತು ಸಾಗಿತು. ನಾನು ತಲೆಯಾಡಿಸಿದೆ. ಆದರೆ ವೈದ್ಯೆ ಅಷ್ಟಕ್ಕೆ ಬಿಡಲಿಲ್ಲ. ಅವಳ ಮಣಿಕಟ್ಟನ್ನು ತಮ್ಮ ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಮುಚ್ಚಿ ತೆರೆಯಲು ಹೇಳಿ, ಸುಮ್ಮನೆ ಆ ಕಡೆ ಈ ಕಡೆ ಬಾಗಿಸಿದರು. ಮೊಣಕೈಯನ್ನೂ ಹಾಗೆಯೇ ನೋಡಿದರು.

"ಇಲ್ಲಿ ಬಿಗಿತ ಇದೆ. ಇದು ಗುಳಿಗೆಯದೇ ಇರ್ಬೇಕು. ನಿಮ್ಮ ಅತ್ತೆ ಹೇಳಿದ್ದೂ ನಿಜ ಇರಬಹುದು ಯಜಮಾನ್ರೆ. ನಿಧಾನ ಮೊದಲಿಂದ ಇತ್ತು, ಬಿಗಿತ ಆಮೇಲೆ ಸೇರ್ಕೊಂಡಿದೆ. ಎರಡೂ ಒಂದೇ ಕೈಯಲ್ಲಿ ಕೂತಿವೆ."

"ಕೇಳಿದ್ಯಾ ಅಣ್ಣ?" ತಂಗಿ ನನ್ನ ಕಡೆ ತಿರುಗಿದಳು. ಅವಳ ಮುಖ ಇಡೀ ತಿಂಗಳಲ್ಲಿ ಅಷ್ಟು ಅರಳಿರಲಿಲ್ಲ. "ನಾನು ಹೇಳಿದ್ದೂ ಖರೆ ಆತು."

ಅತ್ತೆಯ ಸಾಕ್ಷಿಯಿಂದ ನಾನು ಕಟ್ಟಿದ್ದ ಕಟ್ಟೆಯಲ್ಲಿ ಈಗ ಅವಳು ದಾಟಿಹೋಗುವಷ್ಟು ದಾರಿ ಬಿದ್ದಿತ್ತು. ಅವಳು ಆ ದಾರಿಯಲ್ಲೇ ನಡೆದಳು. "ಡಾಕ್ಟ್ರೇ, ಪೂರ್ತಿ ಬಿಟ್ರೆ ಏನಾಗ್ತೈತೆ?"

ವೈದ್ಯೆ ಗದರಿಸಲಿಲ್ಲ. "ಬಿಟ್ರೆ ಬಿಗಿತ ಇಳಿಯುತ್ತೆ. ಕೈ ಸ್ವಲ್ಪ ಹಗುರ ಆಗುತ್ತೆ. ಆದ್ರೆ ಆ ಕೈ ಬಡಿದ ರೊಟ್ಟೀನ ನೀವೇ ತಿಂತೀರಾ ಅನ್ನೋದು ನಿಮಗೇ ಗೊತ್ತು. ಹಿಂದಿನ ಸಲ ಊಟ ಬಿಟ್ಟಿದ್ರಲ್ಲ?"

ನಾನು ಬಾಯಿ ತೆರೆಯಹೊರಟೆ. ವೈದ್ಯೆ ಕಣ್ಣಿನಲ್ಲೇ ನನ್ನನ್ನು ಕೂರಿಸಿದರು.

"ಊಟಕ್ಕಿಂತ ನೀರು ಕಷ್ಟ," ಎಂದಳು ತಂಗಿ. "ಬಾಯಾರಿಕೆ ಆಗಿರ್ತೈತೆ, ನೀರು ಕಣ್ಣಮುಂದೆ ಇರ್ತೈತೆ. ಮಾತು ನಿಲ್ಲಿಸಾದೇ ಇಲ್ಲ ಅದು." ಈ ಮಾತನ್ನು ಅವಳು ನನ್ನೆದುರು ಎಂದೂ ಆಡಿರಲಿಲ್ಲ. "ಬಿಡಾದಿಲ್ಲ ಡಾಕ್ಟ್ರೇ. ಆದ್ರೆ ಇದನ್ನೇ ನುಂಗು ಅನ್ನಬ್ಯಾಡ್ರಿ. ಬ್ಯಾರೆ ಕೊಡ್ರಿ."

"ಅದನ್ನೇ ಮಾಡೋಣ. ಬೇರೆ ಗುಳಿಗೆಗೆ ನಿಧಾನವಾಗಿ ಬದಲಾಯಿಸ್ತೀನಿ. ಬಿಗಿತ ಕಡಿಮೆ ಆಗಬಹುದು. ನಿಧಾನವೂ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಮತ್ತೆ, ದೇವರ ದಿನವೂ ತಗೋಬೇಕು."

"ದೇವರಿಗೆ ನಾನು ಹೇಳ್ಕಂತೀನಿ," ಎಂದಳು.

ಗುಳಿಗೆ ಬದಲಾದ ಕೆಲವು ವಾರಗಳಲ್ಲಿ ಮಣಿಕಟ್ಟು ಸಡಿಲಗೊಂಡಿತು. ಸೆರಗು ಹೊದೆಯುವಾಗಲೇ ಅದು ಕಾಣುತ್ತಿತ್ತು. ನಿಧಾನ ಮಾತ್ರ ಉಳಿಯಿತು. ಅವಳು ಒಲೆಯ ಮುಂದೆ ಮತ್ತೆ ಕೂರತೊಡಗಿದಳು. ಒಬ್ಬಳೇ ಬಡಿಯುವಾಗ ಕೈ ಈಗಲೂ ನಡುವೆ ನಿಲ್ಲುತ್ತದೆ. ಪಕ್ಕದಲ್ಲಿ ನನ್ನ ಹೆಂಡತಿ ಕೂತು ತಾನೂ ಬಡಿಯುತ್ತಿದ್ದರೆ ಆ ಸದ್ದಿನ ಜೊತೆ ತಂಗಿಯ ಕೈಯೂ ಒಂದಷ್ಟು ದೂರ ತಡೆಯಿಲ್ಲದೆ ಸಾಗುತ್ತದೆ. ಇದಕ್ಕೂ ಪುಸ್ತಕಗಳಲ್ಲಿ ವಿವರಣೆಯಿದೆ. ಹೊರಗಿನ ತಾಳ ಒಳಗಿನ ಕೊರತೆಯನ್ನು ತುಂಬಿಕೊಡಬಹುದಂತೆ. ನಾನು ಅದನ್ನು ಹೇಳಲು ಹೋದಾಗ ಹೆಂಡತಿ, "ನೀವು ಸುಮ್ಮನಿರ್ರಿ, ಲೆಕ್ಕ ತಪ್ತೈತೆ" ಎಂದಳು. ಉಷ್ಣದ ಸಿದ್ಧಾಂತವನ್ನು ಆಕೆ ಇನ್ನೂ ಬಿಟ್ಟಿಲ್ಲ. ಹೊಸ ಗುಳಿಗೆ ತಂಪಿನದಂತೆ.

ಮೊನ್ನೆ ಬೆಳಿಗ್ಗೆ ತಂಗಿ ನನ್ನ ತಟ್ಟೆಗೆ ರೊಟ್ಟಿ ಹಾಕಿದಳು. ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ.

"ಹೆಂಗೈತೆ?" ಎಂದಳು.

"ಈ ಕಡೆ ದಪ್ಪ ಆಗೈತೆ."

"ಸುಳ್ಳು ಹೇಳಾಕೆ ಒಂದು ದಿನಾನೂ ಬರಲಿಲ್ಲ ನಿಂಗೆ." ಅವಳು ನಕ್ಕು ಗೂಡಿನಿಂದ ಗುಳಿಗೆಯ ಹಾಳೆ ತೆಗೆದು, ಒಂದನ್ನು ಒತ್ತಿ ಅಂಗೈಗೆ ಬೀಳಿಸಿಕೊಂಡಳು. ಬೆರಳಿಗೆ ಹಿಟ್ಟು ಮೆತ್ತಿದ್ದರಿಂದ ಅದೂ ಸಲೀಸಾಗಲಿಲ್ಲ. ನಾನು ಸಹಾಯಕ್ಕೆ ಕೈ ಚಾಚಿದರೆ, "ಇರ್ಲಿ ಬಿಡು, ಆಗ್ತೈತೆ" ಎಂದಳು. ತಂಬಿಗೆಯ ನೀರಿನಲ್ಲಿ ಗುಳಿಗೆ ನುಂಗಿ, ಬಾಯಿ ಒರೆಸಿಕೊಂಡು, ಹಂಚಿನ ಮೇಲಿನದು ಸೀಯುತ್ತಿದೆಯೆಂದು ಒಲೆಯ ಕಡೆ ಹೋದಳು.